ಏನೂ ಸಿಗದಿರಲಿ ಅಂತ ಅಗೆದ ಒಂಬತ್ತು ದಿನ

"ಈ ಬಕೆಟ್ ಆಗಲ್ಲ. ಹಲ್ಲಿಲ್ಲದ್ದು ಹಾಕಿ."

ಸೈಟಿಗೆ ಬಂದವರೇ ಪುರಾತತ್ವಜ್ಞೆ ಆಡಿದ ಮೊದಲ ಮಾತು ಇದು. ಹೆಸರು ಹೇಳಿದ್ದು ಆಮೇಲೆ. ತಲೆಗೆ ಹೆಲ್ಮೆಟ್, ಹೆಗಲಿಗೆ ಹಳೆಯ ಕ್ಯಾನ್ವಾಸ್ ಚೀಲ, ಅದರ ಜೇಬಿನಿಂದ ಇಣುಕುತ್ತಿದ್ದ ಕರಣೆ. ನಮ್ಮ ಗಾರೆ ಕೆಲಸದವರ ಕೈಲಿರುತ್ತಲ್ಲ, ಅಂಥದ್ದೇ. ಆದರೆ ನಾಲ್ಕೇ ಇಂಚು, ಉಜ್ಜಿ ಉಜ್ಜಿ ಸವೆದಿತ್ತು. ಜೆಸಿಬಿಯಂಥ ಡಿಗ್ಗರ್ ಓಡಿಸುವ ಅಜ್ಜ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಮಳೆ ಹನಿಯುತ್ತಿತ್ತು, ಅಕ್ಟೋಬರ್ ತಿಂಗಳು, ಬೆಳಿಗ್ಗೆ ಎಂಟು ಗಂಟೆ.

ಹಲ್ಲಿರುವ ಬಕೆಟ್ ಮಣ್ಣನ್ನು ಬಾಚುತ್ತದೆ. ಅಗೆದ ಜಾಗದಲ್ಲಿ ಬಾಚಣಿಗೆ ಎಳೆದ ಹಾಗೆ ಗೀರುಗಳು ಬೀಳುತ್ತವೆ, ಯಾವ ಬಣ್ಣದ ಮಣ್ಣು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ಹಲ್ಲಿಲ್ಲದ ಬಕೆಟ್ ಮೇಲಿಂದ ತೆಳ್ಳಗೆ ಹೆರೆಯುತ್ತದೆ. ಒಂದು ಸಲಕ್ಕೆ ಹತ್ತು ಸೆಂಟಿಮೀಟರ್, ಜಾಸ್ತಿ ಅಂದರೆ ಇಪ್ಪತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ. ಬೇರೆ ಬಕೆಟ್ ತರಿಸಲು ಒಂದು ಗಂಟೆ ಹೋಯಿತು.

ನಾನು ಮಂಡ್ಯ ಕಡೆಯವಳು. ಸಿವಿಲ್ ಓದಿ, ಸುತ್ತಾಡಿ, ಈಗ ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಒಂದು ಸಣ್ಣ ಕಂಟ್ರಾಕ್ಟರ್ ಬಳಿ ಸೈಟ್ ಎಂಜಿನಿಯರ್. ಕೋಟೆ ಗೋಡೆಯೊಳಗಿನ ಹಳೇ ಊರಲ್ಲೇ ನಮ್ಮ ಕೆಲಸ ಜಾಸ್ತಿ. ಈ ಊರಿನ ಬಗ್ಗೆ ಒಂದು ತಮಾಷೆ ಮಾತಿದೆ. ಇಲ್ಲಿ ರಸ್ತೆಗೆ ಗೇಟ್ ಅಂತಾರೆ, ಗೇಟಿಗೆ ಬಾರ್ ಅಂತಾರೆ, ಬಾರಿಗೆ ಪಬ್ ಅಂತಾರೆ. ರಸ್ತೆಗೆ 'ಗೇಟ್' ಅಂತ ಹೆಸರಿಟ್ಟವರು ಸ್ಕ್ಯಾಂಡಿನೇವಿಯಾದಿಂದ ಹಡಗಲ್ಲಿ ಬಂದ ವೈಕಿಂಗರು. ಅವರು 866ರಲ್ಲಿ ಊರು ಹಿಡಿದರು. ಅವರಿಗೂ ಮುಂಚೆ ರೋಮನ್ನರು, ಕ್ರಿ.ಶ. 71ರಲ್ಲಿ ಇಲ್ಲಿ ದಂಡಿನ ಕೋಟೆ ಕಟ್ಟಿದವರು. ಇಬ್ಬರು ರೋಮನ್ ಚಕ್ರವರ್ತಿಗಳು ಸತ್ತದ್ದು ಈ ಊರಲ್ಲೇ, 211ರಲ್ಲಿ ಒಬ್ಬ, 306ರಲ್ಲಿ ಇನ್ನೊಬ್ಬ. ಇಷ್ಟು ಜನ ಇಷ್ಟು ಶತಮಾನ ಒಂದೇ ಜಾಗದಲ್ಲಿ ಉಂಡು, ಕಟ್ಟಿ, ಬೀಳಿಸಿ, ಕಸ ಎಸೆದರೆ ಏನಾಗುತ್ತೆ? ನೆಲ ಏರುತ್ತೆ. ಊರ ನಡುವೆ ಕೆಲವು ಕಡೆ ಮನುಷ್ಯರು ಬಿಟ್ಟುಹೋದ ಮಣ್ಣೇ ಐದಾರು ಮೀಟರ್ ದಪ್ಪ ಇದೆ. ನಾವು ಎಂಜಿನಿಯರುಗಳು ಇದಕ್ಕೆ 'ತುಂಬಿದ ಮಣ್ಣು' ಅಂತ ಒಂದೇ ಪದ ಬರೆದು ಮುಗಿಸುತ್ತೇವೆ. ಪಾಯಕ್ಕೆ ಯೋಗ್ಯವಲ್ಲ, ಅಷ್ಟೆ.

ನಮ್ಮ ಕೆಲಸ ಏನೂ ದೊಡ್ಡದಲ್ಲ. ಫಾಸ್ ನದಿಗೆ ಹತ್ತಿರದ ಒಂದು ಗಲ್ಲಿಯಲ್ಲಿ ಹಳೇ ಚಹಾ ಅಂಗಡಿ. ಅದರ ಹಿತ್ತಲಲ್ಲಿ ಒಂದು ಅಡುಗೆ ಕೋಣೆ, ಎರಡು ಟಾಯ್ಲೆಟ್. ಅಲ್ಲಿಂದ ಹಿಂದಿನ ಓಣಿಯ ಮ್ಯಾನ್‌ಹೋಲ್‌ವರೆಗೆ 14 ಮೀಟರ್ ಚರಂಡಿ ಪೈಪು. ನಮ್ಮೂರಲ್ಲಾದರೆ ಎರಡು ದಿನದ ಅಗೆತ. ಆದರೆ ನಗರಸಭೆ ಕೊಟ್ಟ ಕಟ್ಟಡ ಪರವಾನಗಿಯಲ್ಲಿ ಒಂದು ಷರತ್ತು ಇತ್ತು. ನೆಲ ಅಗೆಯುವಾಗಲೆಲ್ಲ ಒಬ್ಬ ಪುರಾತತ್ವಜ್ಞರು ಪಕ್ಕದಲ್ಲಿ ನಿಂತು ನೋಡಬೇಕು. ಇಲ್ಲಿನವರ ಬಾಯಲ್ಲಿ ಇದಕ್ಕೆ 'ವಾಚಿಂಗ್ ಬ್ರೀಫ್'. ಖರ್ಚು ಕಟ್ಟಿಸುವವರದ್ದು. 1990ರಿಂದ ಇಂಗ್ಲೆಂಡಿನಲ್ಲಿ ಇದೇ ಪದ್ಧತಿ, ಯಾರು ಅಗೆಯುತ್ತಾರೋ ಅವರೇ ದುಡ್ಡು ಕೊಡಬೇಕು. ಅದರ ಮೇಲೆ ಯಾರ್ಕ್‌ಗೆ ಇನ್ನೊಂದು ಪಟ್ಟ ಬೇರೆ. 1979ರ ಕಾಯ್ದೆಯಡಿ 'ಪುರಾತತ್ವದ ದೃಷ್ಟಿಯಿಂದ ಮುಖ್ಯ' ಅಂತ ಗುರುತಿಸಿದ ಐದೇ ಊರುಗಳಲ್ಲಿ ಇದೂ ಒಂದು. ಉಳಿದವು ಕ್ಯಾಂಟರ್‌ಬರಿ, ಚೆಸ್ಟರ್, ಎಕ್ಸೆಟರ್, ಹೆರೆಫರ್ಡ್.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಷರತ್ತಿನಲ್ಲಿ ಎರಡು ಭಾಗ ಇರುತ್ತದೆ. ಮೊದಲು, ಏನು ನೋಡುತ್ತೀರಿ, ಹೇಗೆ ದಾಖಲಿಸುತ್ತೀರಿ, ಸಿಕ್ಕಿದ್ದನ್ನು ಎಲ್ಲಿ ಇಡುತ್ತೀರಿ ಅಂತ ಒಂದು ಲಿಖಿತ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಆಮೇಲೆ ಅಗೆತ. ನಾನು ಎರಡನೇದನ್ನು ಓದಿದೆ, ಮೊದಲನೇದನ್ನು ಯಾರೋ ಕಳಿಸಿರುತ್ತಾರೆ ಅಂದುಕೊಂಡೆ. ಆಫೀಸಿನವರು ನಾನು ಕಳಿಸಿರುತ್ತೇನೆ ಅಂದುಕೊಂಡರು. ಡಿಗ್ಗರ್ ಬಂದು ನಿಂತ ದಿನ ಗೊತ್ತಾಯಿತು, ಯಾರೂ ಕಳಿಸಿಲ್ಲ. ಡಿಗ್ಗರ್ ವಾಪಸ್. ಎರಡು ವಾರ ಕೆಲಸ ನಿಂತಿತು. ಚಹಾ ಅಂಗಡಿಯವರು ಮಾತಾಡಲಿಲ್ಲ, ಬರೀ ನೋಡಿದರು. ಬೈದಿದ್ದರೆ ವಾಸಿ ಇತ್ತು.

ಅಪ್ಪನಿಗೆ ಫೋನಲ್ಲಿ ಹೇಳಿದೆ. ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅಲ್ಲಿ ಸಂಜೆ ಐದು, ನಮ್ಮಿಬ್ಬರ ಮಾಮೂಲಿ ಹೊತ್ತು. ಅಪ್ಪ ಎಲ್ಲ ಕೇಳಿ, "ಅಂದ್ರೆ ಅಲ್ಲೂ ಇದೇ ಕಾಟ ಅನ್ನು" ಅಂದರು.

ಅಪ್ಪ ಹಾಗಂದದ್ದಕ್ಕೆ ಕಾರಣ ಇದೆ. ದೊಡ್ಡಪ್ಪನ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ನಮ್ಮಲ್ಲಿ 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗೇ ಇಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಹಳೇ ಮನೆಗೆ ರಿಪೇರಿ ಮಾಡಿಸಬಹುದು, ಅದಕ್ಕೂ ಅರ್ಜಿ. ದೊಡ್ಡಪ್ಪ ಮಹಡಿ ಎತ್ತಬೇಕು ಅಂತ ಓಡಾಡಿ ಓಡಾಡಿ ಕೊನೆಗೆ ಕೈಬಿಟ್ಟರು. ನಾವು ಚಿಕ್ಕವರಿದ್ದಾಗ ಆ ಮನೆಯಲ್ಲಿ ಕೇಳಿಸುತ್ತಿದ್ದ ಮಾತು ಒಂದೇ. ಅಗೆಯುವಾಗ ಏನಾದರೂ ಕಲ್ಲು ಸಿಕ್ಕಿದರೆ ಬಾಯಿ ಬಿಡಬೇಡಿ. ಹೇಳಿದರೆ ಕೆಲಸ ನಿಲ್ಲಿಸುತ್ತಾರೆ, ಜಾಗಾನೂ ಹೋಗುತ್ತೆ. ಕಲ್ಲನ್ನು ಸುಮ್ನೆ ಪಕ್ಕಕ್ಕೆ ಉರುಳಿಸಿ.

ಅದೇ ಶ್ರೀರಂಗಪಟ್ಟಣದಲ್ಲಿ 2017ರಲ್ಲಿ ರೈಲು ಹಳಿ ಜೋಡಿ ಮಾಡುವಾಗ ಟಿಪ್ಪು ಕಾಲದ ಸಿಡಿಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಎಂಜಿನಿಯರ್ ಆಗಿ ಅದನ್ನು ನೋಡಿ ಖುಷಿಪಟ್ಟಿದ್ದೆ. ದೊಡ್ಡಪ್ಪ ಮಾತ್ರ, "ರೈಲಿಗಾದ್ರೆ ಆಯ್ತದೆ, ನಮ್ಗಾದ್ರೆ ಆಗಲ್ಲ" ಅಂದಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಹಿತ್ತಲಿಗೆ ಬರೋಣ. ಅಡುಗೆ ಕೋಣೆಯ ಪಾಯವನ್ನು ನಾವು ಮೊದಲೇ ತೆಳ್ಳಗೆ ಮಾಡಿದ್ದೆವು. ಯಾರ್ಕ್‌ನಲ್ಲಿ 1990ರ ದಶಕದಿಂದ ಒಂದು ಲೆಕ್ಕ ಇದೆ. ಹೊಸ ಕಟ್ಟಡ ತನ್ನ ಜಾಗದ ಕೆಳಗಿರುವ ಹಳೇ ಪದರಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಹಾಳು ಮಾಡಬಾರದು. ಉಳಿದ 95 ಹಾಗೇ ನೆಲದಲ್ಲಿ ಇರಲಿ. ಹಾಗಾಗಿ ಇಲ್ಲಿ ಆಳದ ಪಾಯ ತೋಡುವುದಕ್ಕಿಂತ ಕಂಬಿ ಕಟ್ಟಿದ ಹಲಗೆಯಂಥ ಕಾಂಕ್ರೀಟು ಹಾಸಿ ಅದರ ಮೇಲೆ ಗೋಡೆ ಎಬ್ಬಿಸುವುದೇ ವಾಡಿಕೆ. ನಮ್ಮದು 45 ಸೆಂಟಿಮೀಟರಿಗೆ ಮುಗಿಯಿತು. ಮೊದಲ ಎರಡು ದಿನ ಅದನ್ನೇ ಅಗೆದೆವು. ಸಿಕ್ಕಿದ್ದು ಹಳೇ ಕಾಂಕ್ರೀಟು, ಕಲ್ಲಿದ್ದಲ ಬೂದಿ, ಒಡೆದ ಇಟ್ಟಿಗೆ, ಒಂದು ಸೈಕಲ್ ಪೆಡಲ್. ಆಕೆ ಪೆಡಲನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟರು. ಬರೆದುಕೊಂಡರು ಕೂಡ.

ನನಗೆ ನಗು ಬಂತು. ಏನೂ ಸಿಗಲಿಲ್ಲ ಅನ್ನುವುದನ್ನು ಬರೆದುಕೊಳ್ಳುವುದು ಯಾಕೆ ಅಂತ ಕೇಳಿಯೇ ಬಿಟ್ಟೆ. "ನಾಳೆ ಪಕ್ಕದ ಮನೆಯವರು ಅಗೆಯುವಾಗ, ಇಲ್ಲಿ ಅರ್ಧ ಮೀಟರಿನವರೆಗೆ ಹಳೇದು ಏನೂ ಇಲ್ಲ ಅಂತ ಗೊತ್ತಿದ್ದರೆ ಅವರ ದುಡ್ಡು ಉಳಿಯುತ್ತೆ ಅಲ್ವಾ?" ಅಂದರು. ಬಾಯಿ ಮುಚ್ಚಿಕೊಂಡೆ.

ಮೂರನೇ ದಿನ ಚರಂಡಿ ಕಾಲುವೆ ಶುರು. ಅರ್ಧ ಮೀಟರ್ ದಾಟಿದ ಮೇಲೆ ಮಣ್ಣಿನ ಬಣ್ಣ ಬದಲಾಯಿತು. ನನಗಲ್ಲ, ಅವರಿಗೆ. ನನಗೆ ಎಲ್ಲ ಒಂದೇ ಕಂದು. ಅವರು ಕೈ ಎತ್ತಿದರು, ಅಜ್ಜ ಬಕೆಟ್ ನಿಲ್ಲಿಸಿದರು. ಆಕೆ ಕೆಳಗಿಳಿದು ಮಂಡಿಯೂರಿ ಕರಣೆಯಿಂದ ಒಂದು ಅಂಗೈಯಷ್ಟು ಜಾಗ ಹೆರೆದರು. ಒಂದು ಚಿಟಿಕೆ ಮಣ್ಣು ತೆಗೆದು, ನೀರು ಚಿಮುಕಿಸಿ, ಬೆರಳ ನಡುವೆ ನಾದಿ ಉಂಡೆ ಮಾಡಿದರು. ಉಂಡೆಯನ್ನು ಹೊಸೆದು ಹುರಿಯಂತೆ ಎಳೆದರು. ಅದು ನಡುವೆ ಮುರಿಯಿತು. "ಮರಳು ಜಾಸ್ತಿ. ಜೇಡಿ ಇದ್ದಿದ್ದರೆ ಉಂಗುರ ಮಾಡಬಹುದಿತ್ತು" ಅಂದರು. ನನ್ನ ಕೈಗೂ ಒಂದು ಚಿಟಿಕೆ ಕೊಟ್ಟರು. ಮುದ್ದೆ ಕಟ್ಟಿ ಬೆಳೆದ ಕೈ ನನ್ನದು, ಉಂಡೆ ಮಾಡುವುದರಲ್ಲಿ ನಾನೇನೂ ಹಿಂದೆ ಬೀಳಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮಣ್ಣಿನ ಪರೀಕ್ಷೆ ಎಷ್ಟು ಮಾಡಿದ್ದೆ. ಆದರೆ ಸೈಟಿನಲ್ಲಿ ಮಣ್ಣನ್ನು ಹೀಗೆ ಕೈಯಲ್ಲಿ ಹೊಸೆದು ನೋಡಿದ್ದು ಅದೇ ಮೊದಲು.

ಪ್ರತಿ ಪದರಕ್ಕೂ ಒಂದು ನಂಬರ್. ಒಂದು ಹಾಳೆ. ಬಣ್ಣ, ಗಟ್ಟಿತನ, ಏನೇನು ಸೇರಿದೆ, ಯಾವುದರ ಮೇಲಿದೆ, ಯಾವುದರ ಕೆಳಗಿದೆ. ಒಂದು ಕಡೆ ಯಾರೋ ಯಾವಾಗಲೋ ಗುಂಡಿ ತೋಡಿ ಕಸ ತುಂಬಿ ಮುಚ್ಚಿದ್ದರು. ತುಂಬಿದ ಕಸಕ್ಕೆ ಒಂದು ನಂಬರ್, ಸರಿ. ಗುಂಡಿಗೂ ಬೇರೆ ನಂಬರ್! ಗುಂಡಿ ಅಂದರೇನು, ಇಲ್ಲದ ಮಣ್ಣು. ಇಲ್ಲದ್ದಕ್ಕೂ ನಂಬರ್ ಕೊಡುತ್ತಾರೆ, ಇದ್ದದ್ದಕ್ಕೆ ದುಂಡು ಆವರಣ, ಇಲ್ಲದ್ದಕ್ಕೆ ಚೌಕ ಆವರಣ. ತೋಡಿದ್ದು ಒಂದು ಕೆಲಸ, ತುಂಬಿದ್ದು ಇನ್ನೊಂದು, ನಡುವೆ ಎಷ್ಟು ವರ್ಷ ಬೇಕಾದರೂ ಹೋಗಿರಬಹುದು, ಅದಕ್ಕೆ. ಸಂಜೆ ಇವನ್ನೆಲ್ಲ ಗೆರೆ ಎಳೆದು ಜೋಡಿಸುತ್ತಾರೆ. ನೋಡಲು ವಂಶವೃಕ್ಷದ ಹಾಗೇ ಇರುತ್ತದೆ, ಎಲ್ಲಕ್ಕಿಂತ ಹಳೆಯದು ಬುಡದಲ್ಲಿ. 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ಎಂಬವರು ರೂಪಿಸಿದ ಕ್ರಮ ಇದು. ನಮ್ಮ ಹಿತ್ತಲಿನ ವಂಶವೃಕ್ಷದಲ್ಲಿ ಕೊನೆಗೆ 31 ನಂಬರ್ ಆದವು.

ಅದೇ ಕಸದ ಗುಂಡಿಯಲ್ಲಿ ಹೊಗೆಸೊಪ್ಪು ಸೇದುವ ಬಿಳೀ ಮಣ್ಣಿನ ಕೊಳವೆಗಳು ಸಿಕ್ಕವು. ಬಳಪದ ತುಂಡಿನ ಹಾಗೆ, ನಡುವೆ ಸಣ್ಣ ತೂತು. ಒಂದರಲ್ಲಿ ಹೊಗೆಸೊಪ್ಪು ತುಂಬುವ ಬಟ್ಟಲೂ ಉಳಿದಿತ್ತು, ನನ್ನ ಕಿರುಬೆರಳ ತುದಿ ಅದರೊಳಗೆ ಹೋಗಲಿಲ್ಲ. ಬಟ್ಟಲು ಚಿಕ್ಕದಿದ್ದಷ್ಟೂ ಕೊಳವೆ ಹಳೇದಂತೆ. ಮೊದಮೊದಲು ಹೊಗೆಸೊಪ್ಪು ದುಬಾರಿ, ಚಿಟಿಕೆಯಷ್ಟೇ ತುಂಬಿಸಿಕೊಳ್ಳುತ್ತಿದ್ದರು. ಅಗ್ಗವಾಗುತ್ತ ಹೋದಂತೆ ಬಟ್ಟಲು ದೊಡ್ಡದಾಯಿತು. ಇದು ನನಗೆ ತುಂಬಾ ಇಷ್ಟವಾಯಿತು.

ಚಹಾ ವಿರಾಮದಲ್ಲಿ ಅಜ್ಜ ಅವರ ಕಾಲದ ಕಥೆ ತೆಗೆದರು. ಈ ಕಡೆಯವರು ಎಲ್ಲರನ್ನೂ 'ಲವ್' ಅಂತ ಕರೆಯುತ್ತಾರೆ, ಬಸ್ಸಿನವರು, ಅಂಗಡಿಯವರು, ಎಲ್ಲರೂ. ಮೊದಲ ತಿಂಗಳು ನನಗೆ ಮುಜುಗರವಾಗುತ್ತಿತ್ತು, ಈಗ ನಮ್ಮ 'ಕಣಮ್ಮ' ಇದ್ದ ಹಾಗೆ ಕೇಳಿಸುತ್ತದೆ. "ನೋಡು ಲವ್, ಕಾಪರ್‌ಗೇಟ್‌ನಲ್ಲಿ 76ರಿಂದ 81ರವರೆಗೆ ಓದಿದವರೆಲ್ಲ ಸೇರಿ ಐದು ವರ್ಷ ಅಗೆದರು. ವೈಕಿಂಗರ ಬೀದೀನೇ ಸಿಕ್ಕಿತು. ಮುಗೀತು ಅಂತ ಎದ್ದು ಹೋದರು. ಅಂಗಡಿ ಕಾಂಪ್ಲೆಕ್ಸ್ ಕಟ್ಟೋಕೆ ಶುರು ಮಾಡಿದರು. 82ರಲ್ಲಿ ನಮ್ಮಂಥ ಒಬ್ಬ ಡ್ರೈವರ್‌ನ ಬಕೆಟ್‌ಗೆ ಏನೋ ಟಣ್ ಅಂತ ತಗುಲಿತು. ಏನಿತ್ತು ಹೇಳು?"

ನನಗೆ ಗೊತ್ತಿತ್ತು, ಮ್ಯೂಸಿಯಂನಲ್ಲಿ ನೋಡಿದ್ದೆ. ಆದರೂ ಗೊತ್ತಿಲ್ಲದವಳ ಹಾಗೆ ಕೂತೆ.

"ಹೆಲ್ಮೆಟ್! ವೈಕಿಂಗರಿಗಿಂತ ಹಳೇದು, 8ನೇ ಶತಮಾನದ್ದು. ಹಿತ್ತಾಳೆ ಪಟ್ಟಿ, ಮೂಗಿನ ಮೇಲೆ ಪ್ರಾಣಿ ಚಿತ್ತಾರ. ಅವನು ಇಳಿದು ನೋಡಿದ್ದಕ್ಕೆ ಉಳೀತು."

ಪುರಾತತ್ವದವರು ಚಹಾ ಲೋಟದ ಮೇಲಿಂದ ನಕ್ಕರು. "ಅದಕ್ಕೇ ನಾನು ಯಾವಾಗಲೂ ಡ್ರೈವರ್ ಜೊತೆ ಜಗಳ ಮಾಡಲ್ಲ" ಅಂದರು. ಮೊದಲ ದಿನ ಬಕೆಟ್ ವಿಷಯದಲ್ಲಿ ಮಾಡಿದ್ದೇನು ಮತ್ತೆ ಅಂತ ನಾನು ಕೇಳಲಿಲ್ಲ. ಅಜ್ಜ ಮಾತ್ರ ಆವತ್ತಿಂದ ಬಕೆಟ್ ಇಳಿಸುವ ರೀತಿಯೇ ಬದಲಾಯಿತು. ಮೊಸರಿನ ಕೆನೆ ತೆಗೆದ ಹಾಗೆ. ಅಷ್ಟರಲ್ಲಿ ಅವರೇ ಇನ್ನೊಂದು ಮಾತೂ ಹೇಳಿದರು, ದನಿ ಇಳಿಸಿ. ಹಿಂದೆಲ್ಲ ಇಂಥದ್ದು ಕಂಡರೆ ಲಾರಿಗೆ ಹಾಕಿ ಕಳಿಸಿಬಿಡುತ್ತಿದ್ದೆವು, ಯಾರು ಕೆಲಸ ನಿಲ್ಲಿಸಿಕೊಳ್ಳುತ್ತಾರೆ ಅಂತ. ನನಗೆ ದೊಡ್ಡಪ್ಪನ ಮನೆ ನೆನಪಾಯಿತು.

ಐದನೇ ದಿನ ಮೂಳೆ. ಬಕೆಟಿನ ಅಂಚಿನಲ್ಲಿ ಉದ್ದನೆಯದು, ಕಂದು ಬಣ್ಣ, ಒಂದು ಗೇಣಿಗಿಂತ ಜಾಸ್ತಿ. ಎಲ್ಲರೂ ನಿಂತೆವು. ಮನುಷ್ಯರ ಮೂಳೆಯಾದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಪೊಲೀಸರಿಗೆ ತಿಳಿಸಬೇಕು, ಹಳೇ ಸಮಾಧಿಯಾದರೆ ನ್ಯಾಯ ಇಲಾಖೆಯಿಂದ ಲೈಸೆನ್ಸ್ ಬೇಕು. ಅದರ ಹಿಂದಿರುವ ಕಾಯ್ದೆ 1857ರದ್ದು. ಹಳೇ ಊರು, ಹೆಜ್ಜೆಗೊಂದು ಚರ್ಚು, ಚರ್ಚಿಗೊಂದು ಸ್ಮಶಾನ. ನನ್ನ ಎದೆ ಡವಡವ. ಸತ್ತವರ ಬಗ್ಗೆ ಭಯ ಅಲ್ಲ ಅದು, ನಿಜ ಹೇಳಬೇಕೆಂದರೆ ಕಾಂಕ್ರೀಟ್ ಲಾರಿಯ ಬುಕಿಂಗ್ ಬಗ್ಗೆ. ಹಾಗೆ ಯೋಚಿಸಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಆಕೆ ಮೂಳೆಯನ್ನು ತಿರುಗಿಸಿ ತುದಿ ತೋರಿಸಿದರು. ತುದಿಯಲ್ಲಿ ಎರಡು ಗಾಲಿ ಜೋಡಿಸಿಟ್ಟ ಹಾಗೆ ಉಬ್ಬು. "ಹಸುವಿನ ಕಾಲು. ಗೊರಸಿನ ಎರಡು ಭಾಗ ಇಲ್ಲಿ ಕೂರುತ್ತವೆ." ಅದರ ಪಕ್ಕದಲ್ಲಿ ತೆಳ್ಳನೆಯ ಅಡ್ಡ ಗೀರು, ಚರ್ಮ ಸುಲಿಯುವಾಗ ಚಾಕು ತಾಗಿದ್ದು. ಕಾಲು ಗಂಟೆಯಲ್ಲಿ ಕೆಲಸ ಮತ್ತೆ ಶುರು. ಆ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದೆ. ಈಗಷ್ಟೇ ಎಳೆದ ಹಾಗೆ ಚೂಪಾಗಿತ್ತು.

ಆರನೇ ದಿನ ನಾವು ಹೆದರುತ್ತಿದ್ದದ್ದು ಬಂತು. ಕಾಲುವೆಯ 11ನೇ ಮೀಟರಿನಲ್ಲಿ, ನೆಲದಿಂದ 98 ಸೆಂಟಿಮೀಟರ್ ಕೆಳಗೆ, ಕಾಲುವೆಗೆ ಅಡ್ಡವಾಗಿ ಸುಣ್ಣದಕಲ್ಲಿನ ಒಂದು ಸಾಲು. ಬಿಳಿ-ಹಳದಿ ಕಲ್ಲು, ಒರಟಾಗಿ ಕೆತ್ತಿದ್ದು, ನಡುವೆ ಮಣ್ಣಿನ ಗಾರೆ. ಗೋಡೆ ಅಲ್ಲ, ಗೋಡೆಯ ಪಾಯ. ಮೇಲಿದ್ದ ಗೋಡೆಯ ಕಲ್ಲನ್ನು ಯಾವತ್ತೋ ಯಾರೋ ಕಿತ್ತು ಬೇರೆ ಮನೆಗೆ ಹಾಕಿಕೊಂಡಿದ್ದಾರೆ. ಅದಕ್ಕೆ ಅಂಟಿದ ಪದರದಲ್ಲಿ ಹಸಿರು ಮೆರುಗಿನ ಹೂಜಿಯ ಚೂರುಗಳಿದ್ದವು. ಹಂಬರ್ ವೇರ್ ಅಂತಾರೆ ಇಲ್ಲಿ. 14-15ನೇ ಶತಮಾನ ಇರಬಹುದು ಅಂದರು, 'ಇರಬಹುದು' ಅನ್ನುವುದನ್ನು ಒತ್ತಿ ಹೇಳುತ್ತ. ಅವರು ಯಾವುದನ್ನೂ 'ಇದೆ' ಅಂತ ಹೇಳಿದ್ದು ನಾನು ಕೇಳಲಿಲ್ಲ.

ನನ್ನ ನಕ್ಷೆಯ ಪ್ರಕಾರ ಪೈಪಿನ ಹಾಸು ಆ ಕಲ್ಲಿನ ಮೇಲ್ಸಾಲನ್ನು ಹತ್ತು ಸೆಂಟಿಮೀಟರ್ ಕಡಿಯಬೇಕಿತ್ತು. ಹತ್ತೇ ಸೆಂಟಿಮೀಟರ್. ಸುತ್ತಿಗೆ ಕೊಟ್ಟರೆ ಐದು ನಿಮಿಷ. ನಗರಸಭೆಯ ಪುರಾತತ್ವ ಅಧಿಕಾರಿಗೆ ಫೋನ್ ಹೋಯಿತು. ಅವರು ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದರು, ನೋಡಿದರು, ನನ್ನ ಕಡೆ ತಿರುಗಿ ಕೇಳಿದರು, "ಪೈಪನ್ನು ಮೇಲೆತ್ತೋಕೆ ಆಗುತ್ತಾ?"

ಅಷ್ಟು ದಿನದಲ್ಲಿ ನನ್ನನ್ನು ಎಂಜಿನಿಯರ್ ಅಂತ ಮೊದಲ ಸಲ ಯಾರೋ ಕೇಳಿದ್ದು ಅದು. ಅಂಗಡಿಯ ಮೂಲೆಯಲ್ಲಿ ಕೂತು ಲೆಕ್ಕ ಹಾಕಿದೆ. 110 ಮಿಲಿಮೀಟರ್ ಪೈಪಿಗೆ ನಾನು 40ಕ್ಕೆ 1ರ ಇಳಿಜಾರು, ಅಂದರೆ 40 ಮೀಟರಿಗೆ 1 ಮೀಟರ್ ಇಳಿತ, ಕೊಟ್ಟಿದ್ದೆ, ಅಭ್ಯಾಸ ಬಲ. ಆದರೆ ಟಾಯ್ಲೆಟ್ ಸೇರಿದ್ದರೆ ಇಲ್ಲಿನ ನಿಯಮ 80ಕ್ಕೆ 1ರವರೆಗೂ ಒಪ್ಪುತ್ತದೆ. ಪೈಪು ಶುರುವಾಗುವಲ್ಲಿ ಆಳ 70 ಸೆಂಟಿಮೀಟರ್. ಹನ್ನೊಂದು ಮೀಟರಿಗೆ ಇಳಿಯುವುದು ಇಪ್ಪತ್ತೇಳೂವರೆ ಬದಲು ಹದಿಮೂರು ಮುಕ್ಕಾಲು. ಅದರ ಕೆಳಗೆ ಹಾಸು ಹತ್ತು. ಮೊತ್ತ 94ಕ್ಕೆ ಸ್ವಲ್ಪ ಕಮ್ಮಿ. ಕಲ್ಲು 98ರಲ್ಲಿದೆ. ನಾಲ್ಕು ಸೆಂಟಿಮೀಟರ್ ಉಳಿಯಿತು! ಮ್ಯಾನ್‌ಹೋಲ್ ಹತ್ತಿರ ಪೈಪು ಹದಿನೇಳೂವರೆ ಸೆಂಟಿಮೀಟರ್ ಮೇಲೆ ಬಂದು ಸೇರುತ್ತದೆ, ಅಲ್ಲಿ ಒಂದು ಸಣ್ಣ ಇಳಿ ಪೈಪು ಹಾಕಿದರಾಯಿತು.

ಕಾಗದ ತೋರಿಸಿದೆ. ಪುರಾತತ್ವದವರು ಲೆಕ್ಕ ನೋಡಲಿಲ್ಲ, ನನ್ನನ್ನೇ ನೋಡಿ, "ಮೊದಲೇ ಹೀಗೆ ಮಾಡಬಹುದಿತ್ತಾ?" ಅಂದರು. ಮಾಡಬಹುದಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಮುಂದಿನ ದಿನ ಅವರು ಗೋಡೆಯನ್ನು ತೊಳೆದಷ್ಟು ಚೊಕ್ಕ ಮಾಡಿ, ಕೆಂಪು-ಬಿಳಿ ಅಳತೆ ಕೋಲು ಇಟ್ಟು ಫೋಟೊ ತೆಗೆದು, ಹತ್ತಕ್ಕೆ ಒಂದರ ಅಳತೆಯಲ್ಲಿ ಕಲ್ಲು ಕಲ್ಲನ್ನೂ ಪೆನ್ಸಿಲಿನಲ್ಲಿ ಬಿಡಿಸಿದರು. ಮಳೆ ಬಂದರೂ ಬರೆಯಬಹುದಾದ ಪ್ಲಾಸ್ಟಿಕ್ ಹಾಳೆ ಅದು. ಆಮೇಲೆ ಗೋಡೆಗೆ ಬಿಳಿ ನೂಲುಬಟ್ಟೆಯಂಥ ಪೊರೆ ಹೊದಿಸಿ ಮರಳು ಹಾಕಿದೆವು. ಮುಂದೆ ಅಗೆಯುವವರಿಗೆ ಬಿಳಿ ಬಟ್ಟೆ ಕಂಡರೆ ನಿಲ್ಲಬೇಕು ಅಂತ ಗೊತ್ತಾಗಲಿ ಎಂದು. ಅದರ ಮೇಲೆ ಹಾಸು, ಪೈಪು. ಒಂದು ಗೋಡೆಯನ್ನು ಹುಡುಕಿ, ತೊಳೆದು, ಚಿತ್ರ ಬರೆದು, ಮತ್ತೆ ಹೂತಿಟ್ಟೆವು. ನಮ್ಮ ಹುಡುಗರಲ್ಲೊಬ್ಬ, "ಇಷ್ಟಕ್ಕೇನಾ?" ಅಂದ. ಹೌದು, ಇಷ್ಟಕ್ಕೇ.

ಎಂಟನೇ ದಿನ ಉಳಿದದ್ದು ಮ್ಯಾನ್‌ಹೋಲ್ ಮಾತ್ರ. ಅದರ ಇಟ್ಟಿಗೆ ತಳ ಕುಸಿದಿತ್ತು, ಹೊಸದು ಹಾಕಲು ಒಂದು ಮೀಟರ್ ಚೌಕದ ಗುಂಡಿ, 140 ಸೆಂಟಿಮೀಟರ್ ಆಳ ಬೇಕೇ ಬೇಕು. ಪಕ್ಕ ಕುಸಿಯದಂತೆ ಹಲಗೆ ಕೊಟ್ಟು ಅಗೆದೆವು. ಕೊನೆಯ ಗೇಣಿನಲ್ಲಿ ಮಣ್ಣು ಕಪ್ಪಾಯಿತು. ಈ ಸಲ ನನಗೂ ಕಂಡಿತು. ಮತ್ತೆ ವಾಸನೆ. ಕೆರೆ ಬತ್ತಿದಾಗ ತಳದ ಕೆಸರಿನಿಂದ ಬರುತ್ತಲ್ಲ, ಅದು. ಮಂಡ್ಯದ ವಾಸನೆ, ಯಾರ್ಕ್‌ನ ಗುಂಡಿಯಲ್ಲಿ.

ಫಾಸ್ ನದಿಗೆ 11ನೇ ಶತಮಾನದಲ್ಲಿ ಕೋಟೆಯ ಕಂದಕಕ್ಕಾಗಿ ಅಡ್ಡ ಕಟ್ಟಿದರು. ಸುತ್ತಲಿನ ತಗ್ಗು ಜೌಗಾಯಿತು. ಜೌಗಿನಲ್ಲಿ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದೆ ಕೊಳೆಸುವ ಹುಳಹುಪ್ಪಟೆ ಬದುಕುವುದಿಲ್ಲ. ಅದಕ್ಕೇ ಈ ಊರಿನಲ್ಲಿ ಮರ, ಚರ್ಮ, ಪಾಚಿ, ಹಣ್ಣಿನ ಬೀಜ ಸಾವಿರ ವರ್ಷ ಉಳಿದಿವೆ. 1972ರಲ್ಲಿ ಪೇವ್‌ಮೆಂಟ್ ಅನ್ನುವ ಬೀದಿಯಲ್ಲಿ ಒಂದು ಬ್ಯಾಂಕ್ ಕಟ್ಟಲು ಅಗೆದಾಗ ಸಿಕ್ಕ ಅತಿ ಪ್ರಸಿದ್ಧ ವಸ್ತು ಯಾವುದು ಗೊತ್ತಾ? ಒಬ್ಬ ವೈಕಿಂಗನ ಮಲ. 20 ಸೆಂಟಿಮೀಟರ್ ಉದ್ದ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಜನ ಟಿಕೆಟ್ ತಗೊಂಡು ನೋಡುತ್ತಾರೆ. ಅವನು ಏನು ತಿನ್ನುತ್ತಿದ್ದ, ಹೊಟ್ಟೆಯಲ್ಲಿ ಎಷ್ಟು ಹುಳ ಇದ್ದವು ಅಂತೆಲ್ಲ ಅದರಿಂದಲೇ ಗೊತ್ತಾದದ್ದು. ಟಾಯ್ಲೆಟ್ ಪೈಪಿಗೆ ಅಗೆಯುತ್ತಿದ್ದ ನಮಗೆ ಅದು ದೂರದ ನೆಂಟ.

ನಮಗೆ ಸಿಕ್ಕಿದ್ದು ಅಂಥ ದೊಡ್ಡದೇನಲ್ಲ. ಕಪ್ಪು ಮಣ್ಣಿನಿಂದ ಆಕೆ ಎಲೆಯಂಥದ್ದೇನೋ ಎತ್ತಿದರು. ಬಾಟಲಿ ನೀರಲ್ಲಿ ತೊಳೆದರು. ಚರ್ಮ. ಮೂರು ಬೆರಳಗಲ, ಒಂದು ಕಡೆ ಬಾಗಿದ ಅಂಚು, ಆ ಅಂಚಿನುದ್ದಕ್ಕೂ ಸೂಜಿ ಹೋದ ತೂತುಗಳು, ಒಂದೇ ಅಂತರದಲ್ಲಿ. ಚಪ್ಪಲಿ ಹೊಲಿಯುವವನು ಹಳೇ ಜೋಡಿನಿಂದ ಒಳ್ಳೆ ಚರ್ಮ ಕತ್ತರಿಸಿಕೊಂಡು, ಹೊಲಿಗೆ ಇದ್ದ ಅಂಚನ್ನು ಬಿಸಾಡಿದ್ದು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವವರ ಪಕ್ಕ ಇಂಥ ಚೂರುಗಳ ರಾಶಿಯೇ ಬಿದ್ದಿರುತ್ತದೆ. ಆಕೆ ನಮ್ಮ ಚೂರನ್ನು ಒಣಗಲು ಬಿಡಲಿಲ್ಲ. ಒಣಗಿದರೆ ಸುರುಟಿ ಹಪ್ಪಳವಾಗುತ್ತದಂತೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಅದರೊಳಗೆ ಬಿಟ್ಟು, ಚೀಟಿ ಬರೆಯುವವರೆಗೆ ಹಿಡ್ಕೋ ಅಂತ ನನ್ನ ಕೈಗೆ ಕೊಟ್ಟರು. ಜಾತ್ರೆಯಲ್ಲಿ ಮೀನು ತಂದ ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತೆ. ಚರ್ಮದ ಚೂರು ನೀರಲ್ಲಿ ಮೆಲ್ಲಗೆ ತಿರುಗುತ್ತಿತ್ತು.

"ಇನ್ನು ಕೆಳಗೆ ಹೋಗೋದು ಬೇಡ" ಅಂದರು. ನಮಗೂ ಬೇಕಿರಲಿಲ್ಲ. ಒಂಬತ್ತನೇ ದಿನ ಕಾಂಕ್ರೀಟು.

ವರದಿ ಬರಲು ಐದು ತಿಂಗಳು ಹಿಡಿಯಿತು. ಅದು ಬಂದು ನಗರಸಭೆ ಒಪ್ಪಿದ ಮೇಲೆಯೇ ಷರತ್ತು ಪೂರ್ತಿ ತೀರಿದ ಹಾಗೆ. ಅಲ್ಲಿವರೆಗೆ ಚಹಾ ಅಂಗಡಿಯವರ ಕಡತ ಮುಚ್ಚಿರಲಿಲ್ಲ, ಈ ತಡ ಮಾತ್ರ ನನಗೆ ಈಗಲೂ ಸರಿ ಕಾಣುವುದಿಲ್ಲ. ಅಗೆದವರು ಒಂಬತ್ತು ದಿನದಲ್ಲಿ ಮುಗಿಸಿದ್ದನ್ನು ಬರೆಯಲು ಅಷ್ಟು ತಿಂಗಳು ಬೇಕಾ? ಮೂಳೆಯವರು ಬೇರೆ, ಮಡಕೆಯವರು ಬೇರೆ, ಚರ್ಮದವರು ಬೇರೆ, ಎಲ್ಲರ ಸರದಿ ಬರಬೇಕು ಅಂದರು. ಇರಲಿ. ಇಂಥ ವರದಿಗಳಿಗೆ ಇಲ್ಲಿ 'ಬೂದು ಸಾಹಿತ್ಯ' ಅಂತ ಹೆಸರು. ಯಾರೂ ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಆದರೆ ಆನ್‌ಲೈನ್ ಸಂಗ್ರಹದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು. 'ಪೈಪಿನ ಮಟ್ಟ ಬದಲಿಸಿದ್ದರಿಂದ ಗೋಡೆಯನ್ನು ಇದ್ದಲ್ಲೇ ಉಳಿಸಲಾಯಿತು' ಅಂತ ಒಂದು ಸಾಲು ಇದೆ. ನನ್ನ ಹೆಸರಿಲ್ಲ. ಸೈಕಲ್ ಪೆಡಲ್ ಇದೆ.

ಗೋಡೆಯ ಫೋಟೊ ಅಪ್ಪನಿಗೆ ಕಳಿಸಿದೆ. ಅಪ್ಪ ಅದನ್ನು ದೊಡ್ಡಪ್ಪನಿಗೆ ತೋರಿಸಿದರು. ಆ ಭಾನುವಾರ ಇಬ್ಬರೂ ಸೇರಿ ಫೋನ್ ಮಾಡಿದರು.

"ನಿಧಿ ಗಿಧಿ ಏನೂ ಸಿಗ್ಲಿಲ್ವೇನವ್ವಾ?" ಅಂದರು ದೊಡ್ಡಪ್ಪ.

"ಇಲ್ಲ ದೊಡ್ಡಪ್ಪ. ಒಂದು ಚಪ್ಪಲಿ ಚೂರು."

"ಮತ್ತೆ ಈ ಕಲ್ಲು?"

"ಅದನ್ನ ಮತ್ತೆ ಮುಚ್ಚಿದ್ವಿ."

ಸ್ವಲ್ಪ ಹೊತ್ತು ಮಾತಿಲ್ಲ. ಅಪ್ಪ ಹಿಂದಿನಿಂದ ಏನೋ ಹೇಳಿ ನಕ್ಕರು. ಆಮೇಲೆ ದೊಡ್ಡಪ್ಪ, "ಅದೇನ್ ಮಹಾ ಕಲ್ಲು. ನಮ್ಮ ಹಿತ್ತಲಲ್ಲಿ ಇದ್ಕಿಂತ ಚೆನ್ನಾಗಿರೋದು ಐತೆ. ಬಚ್ಚಲು ಕಟ್ಟಿಸ್ಬೇಕಾದ್ರೆ ಸಿಕ್ಕಿತ್ತು. ನಿಮ್ಮ ದೊಡ್ಡಮ್ಮ ಬಟ್ಟೆ ಒಗಿಯಕ್ಕೆ ಹಾಕ್ಕಂಡವ್ಳೆ. ಕೆಳಗಡೆ ಮಗ್ಗುಲಲ್ಲಿ ಅಕ್ಷರ ಐತೆ" ಅಂದರು.

ತಿರುಗಿಸಿ ಒಂದು ಫೋಟೊ ತೆಗೆದು ಕಳಿಸಿ ದೊಡ್ಡಪ್ಪ ಅಂದೆ. ತುಂಬಾ ಭಾರ ಅಂದರು. ಇನ್ನೂ ಕಳಿಸಿಲ್ಲ.